ಲಿಸ್ಬನ್ನಿನಲ್ಲಿ ಅಕ್ಕನ ಕಾಲ್ಬೆರಳು

ಲಿಸ್ಬನ್ನಿಂದ ಬಂದು ತಿಂಗಳಾಯಿತು. ಧಾರಾವಿಯಲ್ಲಿ ಎದುರು ಸಿಕ್ಕವರೆಲ್ಲ ಅಲ್ಲಿ ಏನೇನು ನೋಡಿದೆ ಎಂದು ಕೇಳುತ್ತಾರೆ. ನಿಜ ಹೇಳಬೇಕೆಂದರೆ, ಆ ಆರು ದಿನಗಳಲ್ಲಿ ನಾನು ಅತಿ ಹೆಚ್ಚು ನೋಡಿದ್ದು ನನ್ನ ಬಲಗೈಯ ತೋರುಬೆರಳನ್ನು. ಅದಕ್ಕೊಂದು ಬಿಳಿ ಪಟ್ಟಿ ಸುತ್ತಿತ್ತು. ಪಟ್ಟಿಯ ಒಳಗೆ ಯಾವ ಗಾಯವೂ ಇರಲಿಲ್ಲ.

ಪ್ರವಾಸದ ಬಗ್ಗೆ ಬರೆದುಕೊಡಿ ಎಂದು ನಮ್ಮ ಕನ್ನಡ ಸಂಘದವರು ಹೇಳಿದಾಗ ಮೊದಲು ಆಗುವುದಿಲ್ಲ ಎಂದೆ. ನಾನು ಇಲ್ಲಿನ ಮುನ್ಸಿಪಾಲ್ಟಿ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವನು. ಆಮೇಲೆ ಬರೆದದ್ದೆಂದರೆ ಚಪ್ಪಲಿಯ ಅಳತೆ ಮಾತ್ರ. ಆದರೆ ಒಂದು ಮಾತನ್ನು ನಾಲ್ಕು ಜನರ ಮುಂದೆ ಹೇಳಲೇಬೇಕಿದೆ. ಅದಕ್ಕೆ ಬರೆಯುತ್ತಿದ್ದೇನೆ.

ಹೊರಡುವ ಮೊದಲು

ನಮ್ಮದು ಅಥಣಿ ಕಡೆಯ ಮನೆತನ. ಚಪ್ಪಲಿ ಮಾಡುವುದು ನಮ್ಮ ಕೆಲಸ. ಅಪ್ಪ ಧಾರಾವಿಗೆ ಬಂದು ಹತ್ತಡಿ ಅಗಲದ ಕಾರ್ಖಾನೆ ಹಾಕಿದರು. ಅದನ್ನೇ ಈಗ ನಾನು ಮತ್ತು ನನ್ನ ಅಕ್ಕ ಶಾಂತವ್ವ ನಡೆಸುತ್ತೇವೆ. ಕೆಳಗೆ ಕುಳಿತು ನಾನು ರಂಪಿಗೆ ಹಿಡಿದು ಎಮ್ಮೆ ಚರ್ಮ ಕೊಯ್ಯುತ್ತೇನೆ, ಅಟ್ಟೆ ಕೂಡಿಸುತ್ತೇನೆ. ಮೇಲೆ ತಗಡಿನ ಕೆಳಗಿನ ಮಾಳಿಗೆಯಲ್ಲಿ ಅಕ್ಕ ಕೂರುತ್ತಾಳೆ. ಚಪ್ಪಲಿಯ ಮೇಲೆ ಹೆಣ್ಣುಮಕ್ಕಳ ಜಡೆಯ ಹಾಗೆ ಓಡುವ, ಚರ್ಮದ ಎಳೆಗಳ ಸಣ್ಣ ಹೆಣಿಗೆಗೆ ನಮ್ಮಲ್ಲಿ ವೇಣಿ ಎನ್ನುತ್ತೇವೆ. ಅದು ಹೆಂಗಸರ ಕೆಲಸ. ಗಂಡಸರು ಅದನ್ನು ಕಲಿಯುವುದಿಲ್ಲ, ಕಲಿತರೆ ನಗುತ್ತಾರೆ. ಆದರೆ ಚಪ್ಪಲಿ ಹಿಡಿದು ಗಿರಾಕಿಯ ಮುಂದೆ ನಿಲ್ಲುವವನು ಗಂಡಸು. ಕಬ್ಬಿಣದ ಏಣಿ ಹತ್ತಿ ಮಾಳಿಗೆಗೆ ಹೋಗಿ ವೇಣಿ ಯಾರದು ಎಂದು ನೋಡಿದ ಗಿರಾಕಿ ಇಷ್ಟು ವರ್ಷಗಳಲ್ಲಿ ಒಬ್ಬನೂ ಇಲ್ಲ.

ಲಿಸ್ಬನ್ನಿನ ಒಂದು ಹಳೆಯ ಪಾದರಕ್ಷೆ ಅಂಗಡಿಯವರು ಒಬ್ಬ ದಲ್ಲಾಳಿಯ ಮೂಲಕ ನಮ್ಮ ಚಪ್ಪಲಿ ಕೊಂಡುಕೊಳ್ಳುತ್ತಿದ್ದರು. ಕಳೆದ ಚಳಿಗಾಲದಲ್ಲಿ ನೇರವಾಗಿ ನನ್ನ ಮೊಬೈಲಿಗೇ ಅವರ ಸಂದೇಶ ಬಂತು. ಮೊಬೈಲೇ ಅದನ್ನು ಕನ್ನಡ ಮಾಡಿ ತೋರಿಸಿತು. ಈ ವೇಣಿ ಹೆಣೆಯುವ ಕೈ ನಮ್ಮ ಅಂಗಡಿಗೆ ಬರಲಿ, ಎರಡು ದಿನ ನಮ್ಮ ಗಿರಾಕಿಗಳ ಮುಂದೆ ಕೂತು ಹೆಣೆಯಲಿ, ಮುಂದಿನ ವ್ಯಾಪಾರ ಎದುರೆದುರು ಮಾತಾಡೋಣ ಎಂದು ಅದರಲ್ಲಿತ್ತು. ಕೈ ಎಂದೇ ಇತ್ತು. ಯಾರ ಕೈ ಎಂದು ಅವರಿಗೆ ಗೊತ್ತಿರಲಿಲ್ಲ.

ಐವತ್ತೆರಡು ವರ್ಷಗಳಲ್ಲಿ ನನ್ನನ್ನು ಯಾರೂ ಎಲ್ಲಿಗೂ ಕರೆದಿರಲಿಲ್ಲ. ಮಾಳಿಗೆಯಿಂದ ಅಕ್ಕ ಕೆಮ್ಮುವುದು ಕೇಳಿಸುತ್ತಿತ್ತು. ಅವಳ ಕೆಳಗೇ ನಿಂತು, ಆ ಕೈ ನನ್ನದೇ ಎಂದು ಉತ್ತರ ಬರೆದೆ.

ಅಕ್ಕನಿಗೆ, ಕಾರ್ಖಾನೆ ನಡೆಸುವವರನ್ನು ಕರೆದಿದ್ದಾರೆ ಎಂದು ಹೇಳಿದೆ. ಅವಳು ಎರಡು ದಿನ ಕೂತು ಸಜ್ಜೆ ರೊಟ್ಟಿ ಬಡಿದಳು, ಶೇಂಗಾ ಹಿಂಡಿ ಕುಟ್ಟಿದಳು. ಹೊರಡುವ ಹೊತ್ತಿಗೆ ನನ್ನ ಹೊಸ ಅಂಗಿಯ ಕಾಲರು ಸರಿಮಾಡಿ, "ದೊಡ್ಡ ಊರಾಗ ತಲಿ ತಗ್ಗಿಸಿ ನಿಂದ್ರಬ್ಯಾಡ, ತಮ್ಮಾ. ನಾವು ಮಾಡಿದ್ದು ಚಲೋ ಐತಿ," ಅಂದಳು.

ನಾವು ಅಂದಳು. ನಾನು ಬ್ಯಾಗು ಎತ್ತಿಕೊಂಡು ಹೊರಟೆ.

ಇಳಿಜಾರಿನ ಊರು

ಲಿಸ್ಬನ್ ಗುಡ್ಡಗಳ ಮೇಲೆ ಕೂತ ಊರು. ಹಳೆಯ ಮನೆಗಳ ಗೋಡೆಗೆಲ್ಲ ಹೂಬಳ್ಳಿ ಬರೆದ ನೀಲಿ ಹೆಂಚು. ಕಿಟಕಿಗಳಿಂದ ನಮ್ಮ ಚಾಳುಗಳ ಹಾಗೆಯೇ ಬಟ್ಟೆ ಜೋತಾಡುತ್ತಿರುತ್ತವೆ. ಅದನ್ನು ನೋಡಿದ ಕೂಡಲೇ ನನಗೆ ಅರ್ಧ ಹೆದರಿಕೆ ಹೋಯಿತು. ಕಿರಿದಾದ ಓಣಿಗಳಲ್ಲಿ ಹಳದಿ ಟ್ರಾಮು ಗೋಡೆಗೆ ಮೈ ಉಜ್ಜುವಷ್ಟು ಹತ್ತಿರ ಏರಿ ಹೋಗುತ್ತದೆ. ಜನ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಾರೆ, ಯಾರೂ ಬೈಯುವುದಿಲ್ಲ. ಅಂಗಡಿಗೆ ಕಾಲಿಟ್ಟವರು ಮೊದಲು ಎಲ್ಲರಿಗೂ ನಮಸ್ಕಾರ ಹೇಳಬೇಕು, ಆಮೇಲೆ ಬೇಕಾದ್ದು ಕೇಳಬೇಕು. ದಾದರ್ ಸ್ಟೇಷನ್ನಿನಲ್ಲಿ ಹೀಗೆ ಮಾಡಿದರೆ ಸಂಜೆಯಾದರೂ ವಡಾಪಾವ್ ಸಿಗಲಿಕ್ಕಿಲ್ಲ.

ನನ್ನನ್ನು ಕರೆದುಕೊಂಡು ಹೋಗಲು ಬಂದವರು ಕಾಂತಿಭಾಯಿ. ದೀವ್‌ನಲ್ಲಿ ಹುಟ್ಟಿದ ಗುಜರಾತಿ, ಚಿಕ್ಕಂದಿನಲ್ಲೇ ಅಲ್ಲಿಗೆ ಹೋದವರು. ಆ ಅಂಗಡಿಯ ಲೆಕ್ಕಪತ್ರ ನೋಡುತ್ತಾರೆ. ನನ್ನ ಮುಂಬಯಿ ಹಿಂದಿ ಮತ್ತು ಅವರ ಗುಜರಾತಿ ಹಿಂದಿ ಎರಡೂ ಸೇರಿ ನಮ್ಮ ಸಂಸಾರ ನಡೆಯಿತು. ಬೆಳಗಿನ ತಿಂಡಿಗೆ ಬುಟ್ಟಿಯಲ್ಲಿ ಪಾವ್ ಬಂತು. ನಮ್ಮ ಪಾವ್ ಈ ಊರಿನವರೇ ತಂದದ್ದು ಎಂದು ಕಾಂತಿಭಾಯಿ ಹೇಳಿದರು. ನಾನು ಅದಕ್ಕೆ ಅಕ್ಕನ ಶೇಂಗಾ ಹಿಂಡಿ ಹಚ್ಚಿ ಅವರಿಗೂ ಕೊಟ್ಟೆ. ಅವರು ಕಣ್ಣಲ್ಲಿ ನೀರು ತಂದುಕೊಂಡು ಇನ್ನೊಂದು ಕೇಳಿದರು.

ಮೊದಲ ದಿನವೇ ಬಿದ್ದೆ. ಅಲ್ಲಿನ ಕಾಲುದಾರಿಗಳಿಗೆ ಬಿಳಿ, ಕಪ್ಪು ಸಣ್ಣ ಕಲ್ಲುಗಳನ್ನು ರಂಗೋಲಿಯ ಹಾಗೆ ಕೂಡಿಸಿದ್ದಾರೆ. ಒಬ್ಬ ಮನುಷ್ಯ ಗಿಡ್ಡ ಮಣೆಯ ಮೇಲೆ ಕೂತು ಸುತ್ತಿಗೆಯಿಂದ ಒಂದೊಂದೇ ಕಲ್ಲು ತಟ್ಟಿ ಹೊಂದಿಸುತ್ತಿದ್ದ. ಅವನು ಕೂತ ಭಂಗಿ ನಮ್ಮಪ್ಪ ಕೂತ ಹಾಗೆಯೇ ಇತ್ತು. ಅವನನ್ನೇ ನೋಡುತ್ತ ನಡೆಯುವಾಗ, ನೂರಾರು ವರ್ಷಗಳ ಕಾಲುಗಳು ತಿಕ್ಕಿ ನುಣುಪಾಗಿಸಿದ ಆ ಕಲ್ಲಿನ ಮೇಲೆ ನನ್ನ ಹೊಸ ಚರ್ಮದ ಅಟ್ಟೆ ಜಾರಿತು. ಟ್ರಾಮಿಗೆ ಕಾಯುತ್ತಿದ್ದವರ ಮುಂದೆ ಕುಂಡೆ ಊರಿ ಕೂತೆ. ಚಪ್ಪಲಿ ಮಾರಲು ಹೋದವನು ಅದೇ ಚಪ್ಪಲಿಯಲ್ಲಿ ಜಾರಿ ಬಿದ್ದ. ಇದನ್ನು ಅಲ್ಲಿನವರು ಇನ್ನೂ ಹೇಳಿಕೊಂಡು ನಗುತ್ತಿರಬಹುದು.

ಕಾಂತಿಭಾಯಿ ಓಡಿ ಬಂದು ಎಲ್ಲಿ ಪೆಟ್ಟಾಯಿತು ಎಂದು ಕೇಳಿದರು. ಎಲ್ಲಿಯೂ ಆಗಿರಲಿಲ್ಲ. ಆದರೆ ಮರುದಿನ ಹನ್ನೊಂದು ಗಂಟೆಗೆ ಗಿರಾಕಿಗಳ ಮುಂದೆ ವೇಣಿ ಹೆಣೆಯುವುದಿತ್ತು. ವಿಮಾನದಲ್ಲಿ ಕೂತಾಗಿನಿಂದ ಅದೊಂದೇ ಚಿಂತೆ. ಚಿಕ್ಕಂದಿನಿಂದ ನೋಡಿದ್ದೇನಲ್ಲ, ಹೇಗೋ ನಾಲ್ಕು ಸುತ್ತು ಹಾಕಿದರಾಯಿತು ಎಂದುಕೊಂಡು ಹೋಟೆಲಿನಲ್ಲಿ ಬೆಳಿಗ್ಗೆ ಎರಡು ಎಳೆ ತೆಗೆದು ನೋಡಿದ್ದೆ. ಕೊಡೆಯ ಕಡ್ಡಿಗೆ ದಾರ ಸಿಕ್ಕಿಕೊಂಡ ಹಾಗೆ ಆಗಿತ್ತು.

ಬಲಗೈಯ ತೋರುಬೆರಳು ಹಿಡಿದುಕೊಂಡು, ಇಲ್ಲಿ, ಅಂದೆ.

ಹಸಿರು ಕ್ರಾಸಿನ ಅಂಗಡಿ

ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದು ಕಷ್ಟ ಎಂದು ಆ ಊರು ನನಗೆ ತೋರಿಸಿತು. ಮುಂಬಯಿಯಲ್ಲಾಗಿದ್ದರೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೋದರೆ ಯಾರೂ ಕತ್ತೆತ್ತಿ ನೋಡುವುದಿಲ್ಲ. ಅಲ್ಲಿ ಕಾಂತಿಭಾಯಿ ನನ್ನನ್ನು ನೇರ ಔಷಧಿ ಅಂಗಡಿಗೆ ಕರೆದೊಯ್ದರು. ಬಾಗಿಲ ಮೇಲೆ ಹಸಿರು ಕ್ರಾಸು ಮಿನುಗುತ್ತಿತ್ತು. ಕನ್ನಡಕ ಹಾಕಿದ ಒಬ್ಬ ಹೆಂಗಸು ನನ್ನನ್ನು ಕೂರಿಸಿ, ನಾನು ಕರ್ಚೀಫಿನಿಂದ ಸುತ್ತಿಕೊಂಡಿದ್ದನ್ನು ಬಿಚ್ಚಿದಳು. ಬೆರಳನ್ನು ಮಡಚಿದಳು, ಬಿಡಿಸಿದಳು, ಒತ್ತಿದಳು. ನಾನು ಒಂದು ಕ್ಷಣ ತಡವಾಗಿ ನರಳಿದೆ.

ಅವಳು ಕನ್ನಡಕದ ಮೇಲಿನಿಂದ ನನ್ನ ಮುಖ ನೋಡಿದಳು. ಬಿಳಿ ಪಟ್ಟಿ ತೆಗೆದುಕೊಂಡು ಬಹಳ ನಾಜೂಕಾಗಿ ಸುತ್ತಿ, ತುದಿಗೆ ಗಂಟು ಹಾಕಿ, ಕೈ ನನ್ನ ಮಡಿಲಿಗೆ ಇಟ್ಟಳು. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಅಲ್ಲಿಂದ ಬೆರಳಿಗೆ ಊರೆಲ್ಲ ನೆಂಟರಾದರು. ಹೋಟೆಲಿನ ಮುದುಕಿ ನನ್ನ ಪಾವ್ ಕತ್ತರಿಸಿ ಕೊಟ್ಟಳು. ನಿಂತೇ ಕುಡಿಯುವ ಕಾಫಿ ಅಂಗಡಿಯವನು ಸಕ್ಕರೆಯ ಪೊಟ್ಟಣ ಹರಿದು ತಾನೇ ಕಲಕಿಕೊಟ್ಟ. ಬೊಟ್ಟಿನ ಗಾತ್ರದ ಲೋಟ, ಅದಕ್ಕೆ ಅಷ್ಟೊಂದು ಉಪಚಾರ. ಮೆಟ್ರೋದಲ್ಲಿ ಒಬ್ಬ ಹುಡುಗಿ ಎದ್ದು ಜಾಗ ಬಿಟ್ಟಳು. ಎಷ್ಟೋ ಸೀಟು ಖಾಲಿ ಇದ್ದವು, ಆದರೂ ಬಿಟ್ಟಳು. ಒಬ್ಬೊಬ್ಬರು ಕರುಣೆ ತೋರಿಸಿದಾಗಲೂ ಪಟ್ಟಿಯ ಒಳಗೆ ಬೆರಳು ಬೆವರುತ್ತಿತ್ತು.

ಚಪ್ಪಲಿಯವರ ಬೀದಿ

ಈಗ ನಾನು ಈ ಊರನ್ನು ಸಾಯುವವರೆಗೆ ಮರೆಯದಿರಲು ಕಾರಣ ಹೇಳುತ್ತೇನೆ. ಲಿಸ್ಬನ್ನಿನ ನಟ್ಟನಡುವೆ, ನದಿಯ ಕಡೆಗೆ ಹೋಗುವ ದೊಡ್ಡ ಬೀದಿಗಳಿವೆ. ಒಂದು ಬಂಗಾರದವರದು, ಒಂದು ಬೆಳ್ಳಿಯವರದು. ಅವುಗಳ ನಡುವೆ ಒಂದು ಬೀದಿಯ ಮೂಲೆಯ ಫಲಕ ತೋರಿಸಿ ಕಾಂತಿಭಾಯಿ, ಇದು ಚಪ್ಪಲಿ, ಬೂಟು ಹೊಲಿಯುವವರ ಬೀದಿ, ಹೆಸರೇ ಹಾಗೆ, ಅಂದರು. ನಾನು ಅವರನ್ನು ಇನ್ನೊಮ್ಮೆ ಕೇಳಿದೆ. ಕಲ್ಲಿನ ಗೋಡೆಗೆ, ಎಲ್ಲರೂ ಓದುವ ಹಾಗೆ ಬರೆದಿದ್ದರು.

ಅಜ್ಜನ ಕಾಲದಲ್ಲಿ ನಮ್ಮ ಓಣಿ ಊರ ಆಚೆ ಇತ್ತು. ಗಾಳಿ ಯಾವ ಕಡೆ ಬೀಸುತ್ತದೆ ಎಂದು ನೋಡಿ ನಮಗೆ ಜಾಗ ಕೊಟ್ಟಿದ್ದರು. ಮುಂಬಯಿಗೆ ಬಂದ ಮೇಲೂ, ಎಲ್ಲಿ ಕೆಲಸ ಎಂದು ಯಾರಾದರೂ ಕೇಳಿದರೆ ಬ್ಯಾಗಿನ ಕಾರ್ಖಾನೆ ಎನ್ನುತ್ತಿದ್ದೆ, ಚಪ್ಪಲಿ ಎಂದು ಹೇಳುತ್ತಿರಲಿಲ್ಲ. ಇಲ್ಲಿ ರಾಜಧಾನಿಯ ಎದೆಯ ಮೇಲೆ, ಬಂಗಾರ ಬೆಳ್ಳಿಯ ಮಗ್ಗುಲಿಗೆ, ನಮ್ಮ ಕೆಲಸದ ಹೆಸರು. ಈಗ ಅಲ್ಲಿ ಹೊಲಿಯುವವರು ಹೆಚ್ಚಿಲ್ಲ, ಊಟದ ಅಂಗಡಿಗಳೇ ಜಾಸ್ತಿ. ಇರಲಿ. ಫಲಕ ಇದೆ. ಆ ಫಲಕದ ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆ. ಪಟ್ಟಿ ಕಟ್ಟಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ನಮ್ಮನ್ನು ಕರೆದವರ ಅಂಗಡಿ ಅಲ್ಲೇ ಪಕ್ಕದ ಸಣ್ಣ ಓಣಿಯಲ್ಲಿತ್ತು. ಮಾಲೀಕರು ದೋನಾ ಗ್ರಾಸಾ. ದೋನಾ ಎಂದರೆ ನಮ್ಮಲ್ಲಿ ಹೆಂಗಸರ ಹೆಸರಿಗೆ ಬಾಯಿ ಸೇರಿಸಿದ ಹಾಗೆ, ದೊಡ್ಡವರಿಗೆ ಹೇಳುವುದು. ಎಪ್ಪತ್ತರ ಮೇಲಿನ ವಯಸ್ಸು, ಬೆನ್ನು ನೆಟ್ಟಗೆ, ಅಂಗೈಯಲ್ಲಿ ನಮ್ಮಂತೆಯೇ ರಂಪಿಗೆ ಹಿಡಿದ ಗಂಟು. ಗೋಡೆಯ ತುಂಬ ಕಪಾಟು, ಕಪಾಟಿನ ತುಂಬ ದಪ್ಪ ಪುಸ್ತಕಗಳು. ಒಂದನ್ನು ತೆಗೆದು ತೋರಿಸಿದರು. ಒಳಗೆ ಒಂದೊಂದು ಹಾಳೆಯಲ್ಲೂ ಒಂದೊಂದು ಪಾದ. ಗಿರಾಕಿ ಹಾಳೆಯ ಮೇಲೆ ನಿಂತಾಗ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದು, ಕೆಳಗೆ ಹೆಸರು ಬರೆದಿಟ್ಟದ್ದು. ಅವರ ಅಜ್ಜನ ಕಾಲದಿಂದ ಹಾಗೆ. ಸತ್ತವರ ಪಾದಗಳನ್ನೂ ಎಸೆದಿಲ್ಲ.

ನನಗಾಗಿ ಕಿಟಕಿಯ ಬಳಿ ಮೇಜು, ಕುರ್ಚಿ ಹಾಕಿಸಿದ್ದರು. ಬೆರಳು ನೋಡಿ ಬಹಳ ನೊಂದುಕೊಂಡರು. ಗಿರಾಕಿಗಳಿಗೆ ತಾವೇ ಹೇಳಿ, ಆ ದಿನದ ಹೆಣಿಗೆ ನಿಲ್ಲಿಸಿದರು. ನಾನು ಚರ್ಮ ಕೊಯ್ಯುವುದನ್ನು ಎಡಗೈಯಿಂದಲೇ ಸ್ವಲ್ಪ ತೋರಿಸಿದೆ. ಜನ ಚಪ್ಪಾಳೆ ತಟ್ಟಿದರು. ಹೀಗೇ ಎರಡನೆಯ ದಿನವೂ ದಾಟಿಬಿಟ್ಟರೆ ಸಾಕು ಎಂದುಕೊಂಡೆ.

ಎರಡನೆಯ ದಿನ ಒಬ್ಬ ಎತ್ತರದ ಗಿರಾಕಿ ನಮ್ಮ ಚಪ್ಪಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಏನೋ ಅಂದ. ಕಾಂತಿಭಾಯಿ ಹೇಳಲು ಸ್ವಲ್ಪ ಹಿಂದೆಮುಂದೆ ನೋಡಿದರು. ಇಷ್ಟು ಸಮನಾದ ಹೆಣಿಗೆ ಕೈಯಿಂದ ಆಗುವುದಿಲ್ಲ, ಇದು ಮಶೀನಿನದು ಎನ್ನುತ್ತಾನೆ. ಪುರಾವೆಯೂ ಇದೆಯಂತೆ. ವೇಣಿ ಶುರುವಾಗುವ ಕಡೆ, ಹೆಬ್ಬೆರಳು ತೂರಿಸುವ ಉಂಗುಟದ ಪಟ್ಟಿಯ ಹತ್ತಿರ, ಒಂದು ಸಣ್ಣ ಒತ್ತಿದ ಗುರುತು ಇದೆಯಲ್ಲ, ಅದು ಮಶೀನು ಕಚ್ಚಿದ್ದು.

ದೋನಾ ಗ್ರಾಸಾ ಆ ಮನುಷ್ಯನನ್ನು ಸುಮ್ಮನಿರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ತಾವೂ ತಿಂಗಳುಗಟ್ಟಲೆ ಆ ಗುರುತನ್ನು ನೋಡಿದ್ದಾಗಿ ಹೇಳಿದರು. ಅಂಥ ಗುರುತು ಬಿಡುವ ಹತ್ಯಾರು ತಮ್ಮ ಬಳಿ ಒಂದೂ ಇಲ್ಲ. ಅದರ ಹೆಸರೇನು ಎಂದು ಕೇಳಿದರು.

ಏನೋ ಒಂದು ಹೆಸರು ಹೇಳಬಹುದಿತ್ತು. ಸುಳ್ಳು ಇನ್ನೆರಡು ದಿನ ಉಳಿಯುತ್ತಿತ್ತು. ಆದರೆ ಮಶೀನು ಎಂಬ ಮಾತು ನನ್ನ ಎದೆಗೆ ನಾಟಿತು. ತಗಡಿನ ಕೆಳಗೆ ಏಪ್ರಿಲ್ ಬಿಸಿಲಲ್ಲಿ ಕೂತು ಒದ್ದೆ ಎಳೆಗಳನ್ನು ಎಳೆಯುವ ಅಕ್ಕ ಕಣ್ಣ ಮುಂದೆ ಬಂದಳು. ಹತ್ತು ವರ್ಷದವಳಿದ್ದಾಗ ಅವ್ವನಿಗೆ ಕಾಯಿಲೆಯಾಯಿತು ಎಂದು ಅವಳನ್ನು ಶಾಲೆ ಬಿಡಿಸಿ ಆ ಮಾಳಿಗೆಗೆ ಹತ್ತಿಸಿದ್ದರು. ನಾನು ಪಾಟಿ ಹಿಡಿದು ಶಾಲೆಗೆ ಹೋಗುತ್ತಿದ್ದೆ.

"ಮಶೀನ್ ಅಲ್ಲ, ಕಾಂತಿಭಾಯಿ," ಅಂದೆ. "ಅದು ನಮ್ಮಕ್ಕನ ಕಾಲಿನ ಬೆರಳು."

ಧಾರಾವಿಯ ಮಾಳಿಗೆ, ಮಧ್ಯಾಹ್ನ ಮೂರೂವರೆ

ಅಲ್ಲಿ ಹನ್ನೊಂದು, ಇಲ್ಲಿ ಮೂರೂವರೆ. ಅಕ್ಕ ಕೆಲಸದಲ್ಲಿರುವ ಹೊತ್ತು. ದೋನಾ ಗ್ರಾಸಾ ಕಾಂತಿಭಾಯಿಯ ಮಾತು ಕೇಳಿಸಿಕೊಂಡು ನನ್ನ ಬಳಿ ಬಂದರು. ನನ್ನ ಪಟ್ಟಿ ನೋಡಿದರು. ಆಮೇಲೆ ಒಂದೇ ಮಾತು ಹೇಳಿದರು: ಅವರನ್ನು ನೋಡಬಹುದೇ?

ಮೊಬೈಲನ್ನು ಮೇಜಿನ ಮೇಲೆ ನಿಲ್ಲಿಸಿ ವಿಡಿಯೋ ಕರೆ ಮಾಡಿದೆ. ಅಕ್ಕನ ಮುಖ ಬಂತು, ಹಿಂದೆ ತಗಡು. ಅವಳಿಗೆ ಮೊದಲು ಕಂಡದ್ದು ಜನ ಅಲ್ಲ, ನನ್ನ ಕೈ.

"ಬೆರಳಿಗೆ ಏನಾತೋ?"

ಅಂಗಡಿಯಲ್ಲಿ ಇಪ್ಪತ್ತು ಜನರಿದ್ದರು. ಕನ್ನಡ ತಿಳಿದವರು ನಾನು ಮತ್ತು ಫೋನಿನಲ್ಲಿದ್ದ ಅಕ್ಕ, ಇಬ್ಬರೇ. ಅಷ್ಟು ಜನರ ನಡುವೆ ನಿಂತು ನಾನು ಅಕ್ಕನೊಬ್ಬಳಿಗೇ ಎಲ್ಲ ಹೇಳಿದೆ. ಸಂದೇಶ ಬಂದದ್ದು, ಉತ್ತರ ಬರೆದದ್ದು, ಬಿದ್ದದ್ದು. "ಇವರು ಕರೆದಿದ್ದು ನನ್ನಲ್ಲಕ್ಕಾ. ನಿನ್ನ. ನಾ ಹೇಳಲಿಲ್ಲ."

ಅವಳ ಮುಖ ಹೋಗಿ ಫ್ಯಾನು ಕಾಣಿಸಿತು. ಮೊಬೈಲನ್ನು ತೊಡೆಯ ಮೇಲೆ ಇಟ್ಟುಕೊಂಡಳು ಎಂದು ಗೊತ್ತಾಯಿತು. ಫ್ಯಾನು ತಿರುಗುತ್ತಿತ್ತು. ಜನ ಅದನ್ನೇ ನೋಡುತ್ತ ಕಾದರು. ಕೊನೆಗೆ ಫ್ಯಾನಿನ ಕೆಳಗಿನಿಂದ ಧ್ವನಿ ಬಂತು.

"ಖರೇನ ಪೆಟ್ಟಾಗೇತೋ, ಸುಳ್ಳ ಕಟ್ಟೀಯೋ?"

"ಸುಳ್ಳ."

"ಮದಲ ಅದನ್ನ ಬಿಚ್ಚು, ಪರಸ್ಯಾ. ಹಿರೇರ ಮುಂದ ಹಂಗ ನಿಂದ್ರಬ್ಯಾಡ."

ಸಿಟ್ಟು ಬಂದಾಗ ಅವಳು ತಮ್ಮಾ ಎನ್ನುವುದಿಲ್ಲ, ಹೆಸರು ಹಿಡಿದು ಕರೆಯುತ್ತಾಳೆ. ಬಿಚ್ಚಿದೆ. ಗುರುತಿಲ್ಲದ ಬೆರಳು ಎಲ್ಲರಿಗೂ ಕಂಡಿತು. ಎತ್ತರದ ಗಿರಾಕಿ ನಕ್ಕ. ನಗಲಿ.

ಆಮೇಲೆ ನಾನು, ಅವರು ನೋಡಬೇಕು ಎನ್ನುವುದು ನಿನ್ನ ಕಾಲನ್ನು ಎಂದು ಹೇಳಿದೆ. ಅವಳು ಗಾಬರಿಯಾದಳು. ವಯಸ್ಸಾದವರ ಮುಂದೆ, ಹೊರಗಿನವರ ಮುಂದೆ ಕಾಲು ಚಾಚುವುದುಂಟೇ ಎಂದಳು. ಅವರೇ ಕೇಳುತ್ತಿದ್ದಾರೆ ಎಂದೆ. ಹಾಗಾದರೆ ತಡಿ ಎಂದು ಮೊಬೈಲನ್ನು ಡಬ್ಬಿಗೆ ಆನಿಸಿ ಎದ್ದು ಹೋದಳು. ಕಬ್ಬಿಣದ ಏಣಿ ಸದ್ದಾಯಿತು. ಕೆಳಗೆ ನೀರು ಸುರಿಯುವ ಸದ್ದೂ ಕೇಳಿಸಿತು. ಕಾಲು ತೊಳೆಯಲು ಹೋಗಿದ್ದಳು. ನಾನು ಅದನ್ನು ಹೇಳಿದೆ, ಕಾಂತಿಭಾಯಿ ಅದನ್ನು ಅವರ ಮಾತಿನಲ್ಲಿ ಹೇಳಿದರು. ಆ ಹಳೆಯ ಅಂಗಡಿಯಲ್ಲಿ ಇಪ್ಪತ್ತು ಜನ, ಧಾರಾವಿಯ ಖಾಲಿ ಮಾಳಿಗೆಯನ್ನೂ ಕ್ಯಾಲೆಂಡರಿನ ದೇವರನ್ನೂ ನೋಡುತ್ತ ನಿಂತರು.

ಅಕ್ಕ ಒದ್ದೆ ಕಾಲಿನಲ್ಲಿ ಬಂದು ಚಾಪೆಯ ಮೇಲೆ ಕೂತಳು. ಬಲಗಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಎಳೆಗಳ ತುದಿ ಸಿಕ್ಕಿಸಿದಳು. ನಲವತ್ತೈದು ವರ್ಷ ಚರ್ಮ ಜಗ್ಗಿ ಜಗ್ಗಿ ಆ ಹೆಬ್ಬೆರಳಿನ ಒಳಬದಿಗೆ ಒಂದು ಕಚ್ಚು ಬಿದ್ದಿದೆ, ಎಳೆ ಅದರಲ್ಲಿ ತಾನಾಗಿ ಹೋಗಿ ಕೂರುತ್ತದೆ. ಗುರುತು ಬೀಳುವುದು ಅಲ್ಲೇ. ಅವಳ ಕೈ ಓಡತೊಡಗಿತು. ನೋಡುವವರ ಕಣ್ಣು ಹಿಂದೆ ಬಿತ್ತು, ಕೈ ಮುಂದೆ ಹೋಯಿತು. ದೋನಾ ಗ್ರಾಸಾ ಮೇಜು ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಮೊಣಕಾಲೂರಿ, ಆ ಪುಟ್ಟ ಪರದೆಗೆ ಮುಖ ಹತ್ತಿರ ತಂದರು. ಎತ್ತರದ ಗಿರಾಕಿ ಕೈಯಲ್ಲಿದ್ದ ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಗೇಣುದ್ದ ವೇಣಿ ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ದೋನಾ ಗ್ರಾಸಾ ಹೆಸರು ಕೇಳಿದರು. ಶಾಂತವ್ವ, ಅಂದೆ. ಅವರು ಅದನ್ನು ಮೂರು ಸಲ ಹೇಳಿ ನೋಡಿದರು. ಮೂರನೆಯ ಸಲ ಸರಿಯಾಗಿ ಬಂತು.

ಅಕ್ಕನಿಗೆ ನಾಚಿಕೆಯಾಗಿರಬೇಕು. ಕೆಲಸ ಐತಿ, ಇಡತೀನಿ ಎಂದು ಫೋನ್ ಇಟ್ಟಳು.

ನದಿಯ ದಂಡೆ

ಉಳಿದ ಎರಡು ದಿನ ನಾನು ಎಷ್ಟು ಸಲ ಮಾಡಿದರೂ ಅವಳು ಫೋನ್ ಎತ್ತಲಿಲ್ಲ. ಲಿಸ್ಬನ್ನಿನ ನದಿ ಸಮುದ್ರದಷ್ಟೇ ಅಗಲ. ದಂಡೆಯ ಮೆಟ್ಟಿಲ ಮೇಲೆ ಕೂತರೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕೂತ ಹಾಗಾಗುತ್ತದೆ. ವ್ಯಾಪಾರದ ಮಾತೆಲ್ಲ ನಾನು ನೆನೆಸಿದ್ದಕ್ಕಿಂತ ಚೆನ್ನಾಗಿ ಮುಗಿದಿತ್ತು. ಮುಂದಿನ ವಸಂತಕ್ಕೆ ಅಕ್ಕನೇ ಬರಬೇಕು, ಕುರ್ಚಿ ತೆಗೆದು ನೆಲಕ್ಕೆ ಚಾಪೆ ಹಾಸುತ್ತೇನೆ ಎಂದು ದೋನಾ ಗ್ರಾಸಾ ಹೇಳಿದ್ದರು. ನನಗೆ ಖುಷಿಪಡಲು ಎಲ್ಲ ಇತ್ತು. ಖುಷಿಯನ್ನು ಹೇಳಿಕೊಳ್ಳಬೇಕಾದವಳು ಮಾತ್ರ ಫೋನ್ ಎತ್ತುತ್ತಿರಲಿಲ್ಲ.

ಹೊರಡುವ ದಿನ ದೋನಾ ಗ್ರಾಸಾ ಒಂದು ದಪ್ಪ ಹಾಳೆಯನ್ನು ಸುರುಳಿ ಮಾಡಿ ನನ್ನ ಕೈಗೆ ಕೊಟ್ಟರು. ಖಾಲಿ ಹಾಳೆ. ತುಂಬಿಸಿ ಕಳಿಸು ಅಂದರು. ತಮ್ಮ ಪುಸ್ತಕದಲ್ಲಿ ಇದುವರೆಗೆ ಕೊಂಡುಕೊಂಡವರ ಪಾದ ಮಾತ್ರ ಇವೆ, ಮಾಡಿದವರ ಪಾದ ಒಂದೂ ಇಲ್ಲ ಅಂದರು.

ಮತ್ತೆ ಏಣಿ

ವಿಮಾನ ಇಳಿದು, ವಿಲೆ ಪಾರ್ಲೆಯಿಂದ ಲೋಕಲ್ ಹಿಡಿದು ಧಾರಾವಿ ಸೇರಿದಾಗ ಬೆಳಗಿನ ಹತ್ತು. ಚರ್ಮದ ವಾಸನೆ ಮೂಗಿಗೆ ಬಡಿದಾಗ ನಾನು ಮೊದಲ ಸಲ ಎದೆಯೆತ್ತಿ ಆ ಓಣಿಯಲ್ಲಿ ನಡೆದೆ. ಕಾರ್ಖಾನೆಯಲ್ಲಿ ಬ್ಯಾಗು ಇಟ್ಟು ನೇರ ಏಣಿ ಹತ್ತಿದೆ. ಅಕ್ಕ ತಲೆ ಎತ್ತಲಿಲ್ಲ. ಅವಳ ಪಕ್ಕದಲ್ಲಿ ಸವೆದ ರಬ್ಬರ್ ಚಪ್ಪಲಿ ಇತ್ತು. ದೇಶವಿದೇಶದ ಕಾಲಿಗೆ ಹೆಣೆದವಳು ಹಾಕಿಕೊಳ್ಳುವುದು ಅದನ್ನೇ.

ನಾನು ಎದುರು ಕೂತೆ. ತಪ್ಪಾಯಿತು ಎಂದೆ. ಅವಳು ಒಂದು ಸುತ್ತು ಮುಗಿಸಿ ಎಳೆ ಕೆಳಗಿಟ್ಟಳು.

"ನನ್ನ ಕೇಳಿದ್ರ ಬರ್ತಿದ್ನೋ ಇಲ್ಲೋ, ನನಗ ಗೊತ್ತಿಲ್ಲ. ವಿಮಾನ ಅಂದ್ರ ಹೆದರ್ಕಿ. ನೀನ ಹೋಗು ಅಂತಿದ್ನೋ ಏನೋ. ಆದ್ರ ಕೇಳಬೇಕಿತ್ತು, ತಮ್ಮಾ. ಒಂದ ಸಲ ಕೇಳಬೇಕಿತ್ತು."

ತಮ್ಮಾ ಅಂದಳು. ಚಪ್ಪಲಿಯವರ ಬೀದಿಯ ಫೋಟೋ ತೋರಿಸಿದೆ. ಫಲಕದಲ್ಲಿ ಏನು ಬರೆದಿದೆ ಎಂದು ಹೇಳಿದೆ. ಅವಳು ಮೊಬೈಲನ್ನು ಸೆರಗಿನಿಂದ ಒರೆಸಿ ಬಹಳ ಹೊತ್ತು ನೋಡಿದಳು. ಅಷ್ಟು ದೊಡ್ಡ ಊರಿನ ನಡುವೆಯೇ ಎಂದು ಕೇಳಿದಳು. ನಡುವೆಯೇ ಎಂದೆ. ಅಪ್ಪ ನೋಡಬೇಕಿತ್ತು ಎಂದಳು.

ಆಮೇಲೆ ಹಾಳೆ ಬಿಚ್ಚಿ ಚಾಪೆಯ ಮೇಲೆ ಹಾಸಿದೆ. ಅದು ಯಾಕೆ ಎಂದು ತಿಳಿದಾಗ ಅವಳು ಮೊದಲು ನಕ್ಕಳು, ಆಮೇಲೆ ಎದ್ದು ಹೋಗಿ ಮತ್ತೆ ಕಾಲು ತೊಳೆದುಕೊಂಡು ಬಂದು, ಒರೆಸಿ, ಹಾಳೆಯ ಮೇಲೆ ನಿಂತಳು. ನಾನು ಬಗ್ಗಿ ಒಂದು ಕೈಯಲ್ಲಿ ಅವಳ ಪಾದ ಹಿಡಿದುಕೊಂಡೆ. ಇನ್ನೊಂದು ಕೈಯಲ್ಲಿ ಪೆನ್ಸಿಲು. ನನ್ನ ಹಣೆ ಅವಳ ಮೊಣಕಾಲಿಗೆ ತಾಗುತ್ತಿತ್ತು. ಹಿಮ್ಮಡಿಯಿಂದ ಗೆರೆ ಶುರುಮಾಡಿ ನಿಧಾನವಾಗಿ ಮುಂದೆ ಬಂದೆ. ಕಣ್ಣು ಮಂಜಾಗಿ ಕಿರುಬೆರಳಿನ ಹತ್ತಿರ ಗೆರೆ ನಡುಗಿತು.

"ಅದು ಹೋಗ್ಲಿ ಬಿಡು," ಮೇಲಿನಿಂದ ಅಕ್ಕ ಹೇಳಿದಳು. "ಹೆಬ್ಬೆರಳ ಮಾತ್ರ ಸರಿಯಾಗಿ ತಗಿ. ಅವರು ಕೇಳಿದ್ದು ಅದನ್ನ."